2018ರಲ್ಲಿ ಗಡಿ ತೆರೆದ ಕಾರ್ಡ್, ಈಗ ಸ್ಟೇಡಿಯಂ ಬಾಗಿಲಲ್ಲಿ ತಡೆಯುವ ಕಾರ್ಡ್: ರಷ್ಯಾದ ಫುಟ್‌ಬಾಲ್ ಬಗ್ಗೆ ಮಾತಾಡೋಣ ಬನ್ನಿ

ವೋಲ್ಗಾ ದಂಡೆ:
ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಕಾರ್ಡ್ ಇದೆ. ಕೊರಳಿಗೆ ಹಾಕಿಕೊಳ್ಳುವ ದಾರ ಹಾಗೇ ಇದೆ, ಲ್ಯಾಮಿನೇಷನ್ ಮಾತ್ರ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ. 2018ರ ವಿಶ್ವಕಪ್ ನೋಡಲು ರಷ್ಯಾಕ್ಕೆ ಹೋದಾಗ ಕೊಟ್ಟ ಫ್ಯಾನ್ ಐಡಿ. ಮ್ಯಾಚ್ ಟಿಕೆಟ್ ಜೊತೆ ಆ ಕಾರ್ಡ್ ಇದ್ದರೆ ವೀಸಾ ಬೇಡ. ಪಂದ್ಯ ನಡೆಯುವ ಊರುಗಳ ಮಧ್ಯೆ ವಿಶೇಷ ರೈಲುಗಳಲ್ಲಿ ದುಡ್ಡು ಕೊಡದೆ ಓಡಾಡಬಹುದಿತ್ತು. ನಾನು ಮಾಸ್ಕೋದಿಂದ ನಿಜ್ನಿ ನೊವ್ಗೊರೊದ್‌ಗೆ ಹೋಗಿದ್ದು ಹಾಗೇ. ಓಕಾ ನದಿ ಬಂದು ವೋಲ್ಗಾ ನದಿಗೆ ಸೇರುವ ಜಾಗದಲ್ಲೇ ಸ್ಟೇಡಿಯಂ, ಪಕ್ಕದಲ್ಲೇ ಹಳದಿ ಬಣ್ಣದ ದೊಡ್ಡ ಚರ್ಚು. ಜೂನ್ 21ಕ್ಕೆ ಅಲ್ಲಿ ಕ್ರೊಯೇಷಿಯಾ ಅರ್ಜೆಂಟೀನಾವನ್ನು 3-0 ಅಂತ ಸೋಲಿಸಿತು. ಮೆಸ್ಸಿ ತಲೆ ತಗ್ಗಿಸಿಕೊಂಡು ಒಳಗೆ ಹೋಗಿದ್ದನ್ನು ಕಣ್ಣಾರೆ ನೋಡಿದೆ.

ಆದರೆ ಆ ಊರು ಅಂದ ತಕ್ಷಣ ನನಗೆ ನೆನಪಾಗುವುದು ಮ್ಯಾಚ್ ಅಲ್ಲ, ನಾನು ಉಳಿದುಕೊಂಡಿದ್ದ ಮನೆ. ಮನೆಯೊಡತಿಯನ್ನು ‘ತ್ಯೋತ್ಯಾ’ ಅಂತಲೇ ಕರೆಯುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಆಗ ಅವರಿಗೆ 50. ಬಸ್ ಡಿಪೋದಲ್ಲಿ ಲೆಕ್ಕ ಬರೆಯುವ ಕೆಲಸ. ಹದಿನೇಳು ವರ್ಷದ ಮಗ. ಅಡುಗೆಮನೆಯಲ್ಲಿ ಚಿಕ್ಕ ಟಿವಿ, ಕಿಟಕಿ ಕಟ್ಟೆ ಮೇಲೆ ಸಬ್ಬಸಿಗೆ ಸೊಪ್ಪಿನ ಡಬ್ಬ, ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಸು. ಆ ಟೇಬಲ್ಲಿನ ಮೇಲೆ ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. 55ಕ್ಕೆ ಪಿಂಚಣಿ ಬರಬೇಕಿತ್ತು, ಅಂದರೆ 2023ಕ್ಕೆ. ಜೂನ್ 14ರಂದು ಮಾಸ್ಕೋದ ಲುಜ್ನಿಕಿಯಲ್ಲಿ ಉದ್ಘಾಟನಾ ಪಂದ್ಯ, ರಷ್ಯಾ ಸೌದಿಯನ್ನು 5-0 ಹೊಡೆಯಿತು. ಅದೇ ದಿನ ಸರ್ಕಾರ ಪಿಂಚಣಿ ವಯಸ್ಸು ಏರಿಸುವ ಯೋಜನೆ ಪ್ರಕಟಿಸಿತು. ಗಂಡಸರಿಗೆ 60ರಿಂದ 65, ಹೆಂಗಸರಿಗೆ 55ರಿಂದ 63. ನಾನು ಇರುವಷ್ಟು ದಿನ ಪಿಂಚಣಿ ವಯಸ್ಸು ಏರುವುದಿಲ್ಲ ಎಂದು 2005ರಲ್ಲಿ ಟಿವಿಯಲ್ಲಿ ಹೇಳಿದ್ದವರು ಪುಟಿನ್. ವಿಶ್ವಕಪ್ ನಡೆಯುವ ಊರುಗಳಲ್ಲಿ ಆ ತಿಂಗಳು ಮೆರವಣಿಗೆ, ಪ್ರತಿಭಟನೆಗೆ ನಿರ್ಬಂಧ. ನಿಜ್ನಿಯೂ ಆ 11 ಊರುಗಳಲ್ಲಿ ಒಂದು. ಬೀದಿ ತುಂಬ ನಮ್ಮಂಥ ಹೊರಗಿನವರ ಕುಣಿತ, ಊರಿನವರು ಮಾತ್ರ ಒಂದು ಮಾತು ಕೂಗಿ ಹೇಳುವ ಹಾಗಿಲ್ಲ.

ಈ ಕಾರ್ಡ್ ಆಮೇಲೆ ಏನಾಯಿತು ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತು? ಅದಕ್ಕೇ ಈ ಚರ್ಚೆ ಶುರು ಮಾಡಿದೆ.

ಹುಬ್ಬಳ್ಳಿ ಫಾರ್ವರ್ಡ್:
ಸಾರ್, ಪಿಂಚಣಿ ವಿಷಯ ಸರಿ. ಆದರೆ ಮೊದಲು ಮಾತಾಡಬೇಕಾದ್ದು ರಷ್ಯಾ ತಂಡವನ್ನು ಹೊರಗೆ ಇಟ್ಟಿರುವುದರ ಬಗ್ಗೆ ಅಲ್ವಾ? ಉಕ್ರೇನ್ ಮೇಲೆ ದಾಳಿ ಮಾಡಿದ್ದಕ್ಕೆ 2022ರ ಫೆಬ್ರವರಿ 28ಕ್ಕೆ ಫಿಫಾ, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡೂ ಬಾಗಿಲು ಹಾಕಿದವು. ಸ್ಪಾರ್ತಾಕ್ ಮಾಸ್ಕೋ ಯುರೋಪಾ ಲೀಗ್‌ನಲ್ಲಿ ಲೈಪ್‌ಜಿಗ್ ಎದುರು ಆಡಬೇಕಿತ್ತು, ಅವರನ್ನೂ ಹೊರಹಾಕಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆಗಬೇಕಿದ್ದ ಚಾಂಪಿಯನ್ಸ್ ಲೀಗ್ ಫೈನಲ್ ಪ್ಯಾರಿಸ್‌ಗೆ ಹೋಯಿತು. 2003ರಲ್ಲಿ ಅಮೆರಿಕ ಇರಾಕ್ ಮೇಲೆ ಹೋಯಿತು, 2006ರ ವಿಶ್ವಕಪ್ ಆರಾಮಾಗಿ ಆಡಿತು. ಯಾರು ಕೇಳಿದರು? ಇಪ್ಪತ್ತು ವರ್ಷದ ಹುಡುಗ ಯುದ್ಧ ಶುರು ಮಾಡಲಿಲ್ಲ. ಅವನ ಆಟದ ವಯಸ್ಸು ಹಾಗೇ ಕಳೆದುಹೋಗ್ತಿದೆ. 2024ರ ನವೆಂಬರ್‌ನಲ್ಲಿ ಬ್ರೂನೈ ಎದುರು 11-0 ಗೆದ್ದರು. ಅದರಲ್ಲಿ ಏನು ಕಲಿಯೋಕಾಗುತ್ತೆ? ಕ್ರಸ್ನೊದಾರ್ ಥರದ ಕ್ಲಬ್ ನೋಡಿ. ಮಾಲೀಕ ಗಲೀತ್ಸ್ಕಿ ಸ್ವಂತ ದುಡ್ಡಲ್ಲಿ ಸ್ಟೇಡಿಯಂ ಕಟ್ಟಿಸಿ, ಮಕ್ಕಳಿಗೆ ಅಕಾಡೆಮಿ ಮಾಡಿ, ಇಷ್ಟು ವರ್ಷ ಕಾದು 2025ರಲ್ಲಿ ಮೊದಲ ಸಲ ಲೀಗ್ ಗೆದ್ದರು. ಚಾಂಪಿಯನ್ಸ್ ಲೀಗ್‌ಗೆ ಹೋಗುವ ಹಾಗಿಲ್ಲ. ನನಗೆ ಇದು ತುಂಬ ಬೇಜಾರು.

ವರದಾ ನದಿ:
ಹುಬ್ಬಳ್ಳಿ ಅಣ್ಣಾ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಇನ್ನೊಂದು ಕಡೆಯನ್ನೂ ನೋಡಿ. ಉಕ್ರೇನಿನ ಕ್ಲಬ್ ಶಾಖ್ತಾರ್ ದೊನೆತ್ಸ್ಕ್ 2014ರಿಂದ ಸ್ವಂತ ಸ್ಟೇಡಿಯಂನಲ್ಲಿ ಒಂದು ಮ್ಯಾಚ್ ಆಡಿಲ್ಲ. 50 ಸಾವಿರಕ್ಕಿಂತ ಜಾಸ್ತಿ ಜನ ಕೂರುವ ದೊನ್ಬಾಸ್ ಅರೇನಾ ಅದು. ಲ್ವಿವ್, ಖಾರ್ಕಿವ್, ಕೀವ್ ಅಂತ ಊರೂರು ಅಲೆದರು. ಯುದ್ಧ ದೊಡ್ಡದಾದ ಮೇಲೆ ಯುರೋಪಿನ ಪಂದ್ಯಗಳಿಗೆ ದೇಶವನ್ನೇ ಬಿಡಬೇಕಾಯಿತು. ಅವರ ಹುಡುಗರದ್ದೂ ಆಟದ ವಯಸ್ಸೇ ತಾನೇ?

ನಾನು ಹಾವೇರಿ ಜಿಲ್ಲೆಯವಳು. ನಮ್ಮ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ. ದಿನಸಿ ತರಲು ಹೊರಗೆ ಬಂದಿದ್ದ. ಹಾಗಾಗಿ ಈ ಯುದ್ಧ ನಮಗೆ ದೂರದ ಸುದ್ದಿ ಅಂತ ಅನಿಸುವುದಿಲ್ಲ. ಅಮೆರಿಕವನ್ನು ಕೇಳಲಿಲ್ಲ ಅನ್ನುವುದು ನಿಜ. ಆಗ ಕೇಳಲಿಲ್ಲ ಅಂತ ಈಗಲೂ ಕೇಳಬಾರದು ಅಂದರೆ ಹೇಗೆ? ಹಿಂದೆ ಕೇಳಿದ ಉದಾಹರಣೆಯೂ ಇದೆ. 1992ರಲ್ಲಿ ಯುಗೊಸ್ಲಾವಿಯಾವನ್ನು ಯೂರೋ ಕಪ್‌ನಿಂದ ಹೊರಗಿಟ್ಟರು, ಅವರ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ ಎತ್ತಿತು. ದಕ್ಷಿಣ ಆಫ್ರಿಕಾವಂತೂ ವರ್ಷಗಟ್ಟಲೆ ಹೊರಗಿತ್ತು.

ವೋಲ್ಗಾ ದಂಡೆ:
ಇಬ್ಬರ ಮಾತಲ್ಲೂ ನಿಜ ಇದೆ. ನಾನು ಹೇಳಬೇಕು ಅಂದುಕೊಂಡಿರುವುದು ಗ್ಯಾಲರಿಯಲ್ಲಿ ನಿಲ್ಲುವವರ ಕಥೆ. ಅವರ ಬಾಗಿಲನ್ನು ಫಿಫಾ ಮುಚ್ಚಲಿಲ್ಲ.

ವಿಶ್ವಕಪ್ ಮುಗಿದ ಮೇಲೆ ಫ್ಯಾನ್ ಐಡಿಯನ್ನು ದೇಶದೊಳಗಿನ ಲೀಗಿಗೂ ತಂದರು. 2021ರ ಡಿಸೆಂಬರ್‌ನಲ್ಲಿ ಕಾನೂನಾಯಿತು. 2022ರಲ್ಲಿ ಕೆಲವು ಸ್ಟೇಡಿಯಂಗಳಲ್ಲಿ ಶುರುವಾಗಿ, 2023ರ ವಸಂತದ ಹೊತ್ತಿಗೆ ಪ್ರೀಮಿಯರ್ ಲೀಗಿನ ಎಲ್ಲ ಕಡೆ ಕಡ್ಡಾಯ. ‘ಕಾರ್ತಾ ಬಲೇಲ್ಷಿಕಾ’ ಅಂದರೆ ಅಭಿಮಾನಿಯ ಕಾರ್ಡ್. ಅದನ್ನು ಗೊಸುಸ್ಲುಗಿ ಪೋರ್ಟಲ್ ಮೂಲಕ ಮಾಡಿಸಬೇಕು. ನಮ್ಮ ಸೇವಾ ಸಿಂಧು, ಡಿಜಿಲಾಕರ್, ಆಧಾರ್ ಎಲ್ಲ ಸೇರಿಸಿ ಒಂದೇ ಕಡೆ ಇಟ್ಟ ಹಾಗೆ ಅಂದುಕೊಳ್ಳಿ. ಪಾಸ್‌ಪೋರ್ಟ್ ವಿವರ, ಫೋಟೊ, ಫೋನ್ ನಂಬರ್ ಎಲ್ಲ ಕೊಟ್ಟು, ಸರ್ಕಾರ ಒಪ್ಪಿದರೆ ಕಾರ್ಡ್. ಒಪ್ಪದಿದ್ದರೆ ನೀವು ಹುಟ್ಟಿದಾಗಿಂದ ನೋಡಿದ ತಂಡವನ್ನು ಟಿವಿಯಲ್ಲೇ ನೋಡಬೇಕು.

ದೊಡ್ಡ ಕ್ಲಬ್‌ಗಳ ಅಭಿಮಾನಿ ಗುಂಪುಗಳು ‘ನಾವು ಬರುವುದಿಲ್ಲ’ ಅಂದವು. ಸ್ಪಾರ್ತಾಕ್, ಸಿಎಸ್‌ಕೆಎ, ಜೆನಿತ್ ಮೂವರೂ ಒಬ್ಬರ ಮುಖ ಒಬ್ಬರು ನೋಡದವರು, ಈ ವಿಷಯದಲ್ಲಿ ಒಂದೇ ಮಾತು. ಗೋಲ್‌ಪೋಸ್ಟ್ ಹಿಂದಿನ ಗ್ಯಾಲರಿಗಳು ಖಾಲಿ ಬಿದ್ದವು. ನನ್ನ ತ್ಯೋತ್ಯಾ ಮಗ ನಿಜ್ನಿಯ ಸ್ವಂತ ತಂಡದ ಒಂದು ಮ್ಯಾಚ್ ಬಿಡುತ್ತಿರಲಿಲ್ಲ, ಅವನೂ ನಿಲ್ಲಿಸಿದ. ಆ ತಂಡದ ಹೆಸರಿಗೂ ಈಗ ಬೆಟ್ಟಿಂಗ್ ಕಂಪನಿಯ ಹೆಸರು ಅಂಟಿಸಿದ್ದಾರೆ, ಪಾರಿ ನಿಜ್ನಿ ನೊವ್ಗೊರೊದ್ ಅಂತ.

ಗೇಟ್ ನಂಬರ್ 4:
ನಾನು ಸ್ವಲ್ಪ ಬೇರೆ ಹೇಳುತ್ತೇನೆ, ದಯವಿಟ್ಟು ಬೈಯಬೇಡಿ. ಕ್ರೀಡಾಂಗಣದ ಭದ್ರತೆ ಕೆಲಸದಲ್ಲಿ ನಾನು ಹನ್ನೆರಡು ವರ್ಷ ಇದ್ದವನು. 2016ರ ಯೂರೋದಲ್ಲಿ ಮಾರ್ಸೇಯ್ ಊರಿನಲ್ಲಿ ರಷ್ಯಾದ ಗುಂಪುಗಳು ಇಂಗ್ಲೆಂಡಿನವರನ್ನು ಹೊಡೆದಿದ್ದು ಎಲ್ಲರೂ ನೋಡಿದ್ದೇವೆ. ಅದಕ್ಕೂ ಮೊದಲು 2010ರ ಡಿಸೆಂಬರ್‌ನಲ್ಲಿ ಸ್ಪಾರ್ತಾಕ್ ಅಭಿಮಾನಿಯೊಬ್ಬನ ಕೊಲೆ ಆದ ಮೇಲೆ ಕ್ರೆಮ್ಲಿನ್ ಗೋಡೆಯ ಪಕ್ಕದ ಮನೇಜ್ ಚೌಕದಲ್ಲಿ ಸಾವಿರಾರು ಜನ ಸೇರಿ, ದಕ್ಷಿಣದ ಬೆಟ್ಟಸೀಮೆ ಕಾಕಸಸ್ ಕಡೆಯ ಚಹರೆ ಇದ್ದವರನ್ನೆಲ್ಲ ಹಿಡಿದು ಬಡಿದರು. ಕಪ್ಪು ಬಣ್ಣದ ಆಟಗಾರರಿಗೆ ಬಾಳೆಹಣ್ಣು ತೋರಿಸಿದ್ದೂ ಇದೇ ಗ್ಯಾಲರಿಗಳಲ್ಲೇ. ಟಿಕೆಟ್ ಮೇಲೆ ಹೆಸರು ಇರಬೇಕು, ಗಲಾಟೆ ಮಾಡಿದವನನ್ನು ಮತ್ತೆ ಒಳಗೆ ಬಿಡಬಾರದು ಅನ್ನುವುದರಲ್ಲಿ ತಪ್ಪೇನು? ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರ ಕಡೆಯಿಂದಲೂ ಯೋಚನೆ ಮಾಡಬೇಕಲ್ಲ.

ಬಿಳಿ ಕೋಟು:
ಗೇಟ್ ನಂಬರ್ 4 ಸಾರ್, ನಿಮ್ಮ ಮಾತು ಬೇರೆ ದೇಶದಲ್ಲಾಗಿದ್ದರೆ ಒಪ್ಪುತ್ತಿದ್ದೆ. ನಾನು ಆರು ವರ್ಷ ರಷ್ಯಾದ ಪ್ರಾಂತ್ಯದ ಊರೊಂದರಲ್ಲಿ ಎಂಬಿಬಿಎಸ್ ಓದಿದವನು, ಹಾಸ್ಟೆಲ್ ರೂಮಿನಲ್ಲಿ ವಿಜಯಪುರದವನು, ದಾವಣಗೆರೆಯವನು, ನಾನು. ಅಲ್ಲಿ ಗೊಸುಸ್ಲುಗಿ ಅಂದರೆ ಏನು ಅಂತ ಹತ್ತಿರದಿಂದ ನೋಡಿದ್ದೇನೆ.

ಮೊದಲು ಅದರ ಬಗ್ಗೆ ಜನರಿಗೆ ಹೆಮ್ಮೆಯೇ ಇತ್ತು. ಡಾಕ್ಟರ್ ಅಪಾಯಿಂಟ್‌ಮೆಂಟ್, ಮಗುವಿನ ಶಾಲೆ, ಗಾಡಿ ದಂಡ ಎಲ್ಲ ಫೋನಿನಲ್ಲೇ. ಕ್ಯೂ ಇಲ್ಲ, ಲಂಚ ಇಲ್ಲ. ನನಗೂ ಇಷ್ಟವಾಗಿತ್ತು. 2022ರ ಸೆಪ್ಟೆಂಬರ್ 21ಕ್ಕೆ ಪುಟಿನ್ ‘ಭಾಗಶಃ’ ಸೇನಾ ಭರ್ತಿ ಘೋಷಿಸಿದರು, 3 ಲಕ್ಷ ಜನ ಅಂತ. ಆಗ ಸಮನ್ಸ್ ಕಾಗದವನ್ನು ಕೈಗೇ ಕೊಡಬೇಕಿತ್ತು. ಅದಕ್ಕೇ ಎಷ್ಟೋ ಜನ ಬಾಗಿಲು ತೆಗೆಯುತ್ತಿರಲಿಲ್ಲ, ರಾತ್ರಿ ದೀಪ ಹಾಕುತ್ತಿರಲಿಲ್ಲ. ನಮ್ಮ ಅನಾಟಮಿ ಲ್ಯಾಬಿನ ಸಹಾಯಕ ಒಂದು ಸೋಮವಾರ ಬರಲೇ ಇಲ್ಲ. ಕೊಕ್ಕೆಗೆ ನೇತುಹಾಕಿದ ಅವನ ಏಪ್ರನ್ ತಿಂಗಳುಗಟ್ಟಲೆ ಅಲ್ಲೇ ಇತ್ತು. ಯಾರೂ ತೆಗೆಯಲಿಲ್ಲ, ಯಾರೂ ಕೇಳಲೂ ಇಲ್ಲ.

2023ರ ಏಪ್ರಿಲ್‌ನಲ್ಲಿ ಕಾನೂನು ಬದಲಾಯಿಸಿದರು. ಸಮನ್ಸ್ ಎಲೆಕ್ಟ್ರಾನಿಕ್ ಆಗಿಯೂ ಬರಬಹುದು, ಗೊಸುಸ್ಲುಗಿ ಖಾತೆಗೇ. ನೀವು ಓದದಿದ್ದರೂ ತಲುಪಿದ ಹಾಗೆ. ಹೋಗದಿದ್ದರೆ ದೇಶ ಬಿಡುವ ಹಾಗಿಲ್ಲ, ಆಮೇಲೆ ಗಾಡಿ ಓಡಿಸುವ ಹಾಗಿಲ್ಲ, ಸಾಲ ಸಿಗುವುದಿಲ್ಲ. ಕಡ್ಡಾಯ ಸೇನಾ ಸೇವೆಯ ವಯಸ್ಸು ಮೊದಲು 27ರವರೆಗೆ ಇತ್ತು, 2024ರಿಂದ 30ರವರೆಗೆ ಹೋಯಿತು. ಈಗ ಹೇಳಿ, ಇಪ್ಪತ್ತೈದರ ಹುಡುಗ ಒಂದು ಮ್ಯಾಚ್ ನೋಡೋಕೆ ಅಂತ ಅದೇ ಪೋರ್ಟಲ್‌ಗೆ ಹೋಗಿ ‘ನಾನು ಇಲ್ಲಿದ್ದೇನೆ, ಇದು ನನ್ನ ಹೊಸ ಫೋಟೊ, ಇದು ನನ್ನ ನಂಬರು’ ಅಂತ ಹೇಳುತ್ತಾನಾ? ಭದ್ರತೆಗೆ ಕಾರ್ಡ್ ಬೇಕು ಅನ್ನುವುದು ಬೇರೆ. ಆ ಮಾಹಿತಿ ಯಾರ ಕೈಗೆ ಹೋಗುತ್ತದೆ ಅನ್ನುವುದು ಬೇರೆ.

ನಮ್ಮವರಿಗೂ ಇದರ ಬಿಸಿ ತಟ್ಟಿದೆ. ಕಲಬುರಗಿ ಕಡೆಯ ಕೆಲವು ಹುಡುಗರನ್ನು ಸೆಕ್ಯೂರಿಟಿ ಕೆಲಸ ಅಂತ ನಂಬಿಸಿ ಕರೆದುಕೊಂಡು ಹೋಗಿ ಸೇನೆಗೆ ಸೇರಿಸಿದ್ದು 2024ರಲ್ಲಿ ಪೇಪರ್ ತುಂಬ ಬಂದಿತ್ತು. ದಯವಿಟ್ಟು ಏಜೆಂಟರ ಮಾತು ಕೇಳಿ ಯಾರೂ ಓದಲು ಬಾರದ ರಷ್ಯನ್ ಕಾಗದಕ್ಕೆ ಸಹಿ ಹಾಕಬೇಡಿ. ಇದನ್ನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತಾ ಇರುತ್ತೇನೆ.

ಗೇಟ್ ನಂಬರ್ 4:
ಸಮನ್ಸ್ ವಿಷಯ ನನಗೆ ಗೊತ್ತಿರಲಿಲ್ಲ ಡಾಕ್ಟ್ರೇ. ಒಂದೇ ಪೋರ್ಟಲ್ ಅಂದಮೇಲೆ ಹುಡುಗರು ಹೆದರುವುದು ಸಹಜ. ಆ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಗ್ಯಾಲರಿಯ ಜನಾಂಗದ್ವೇಷದ ಬಗ್ಗೆ ಹೇಳಿದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ಐಸ್ ಮೇಲೆ:
ಫುಟ್‌ಬಾಲ್ ನನಗೆ ಅಷ್ಟು ಗೊತ್ತಿಲ್ಲ, ಫಿಗರ್ ಸ್ಕೇಟಿಂಗ್ ಹುಚ್ಚು. ಆದರೆ ನೀವೆಲ್ಲ ಹೇಳುತ್ತಿರುವುದು ಓದಿದಾಗ ನನಗೆ ರಷ್ಯಾದ ಸ್ಕೇಟರ್ ಕಮೀಲಾ ವಲೀಯೆವಾ ನೆನಪಾದಳು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವಳಿಗೆ 15 ವರ್ಷ. 2021ರ ಡಿಸೆಂಬರ್ 25ರಂದು ಕೊಟ್ಟ ಸ್ಯಾಂಪಲ್‌ನಲ್ಲಿ ಟ್ರೈಮೆಟಾಜಿಡಿನ್ ಸಿಕ್ಕಿತು. ಅದು ಎದೆನೋವಿಗೆ ಕೊಡುವ ಮಾತ್ರೆ, ಆಟಗಾರರಿಗೆ ನಿಷೇಧ. ಫಲಿತಾಂಶ ಬಂದಿದ್ದು ಟೀಮ್ ಸ್ಪರ್ಧೆ ಮುಗಿದ ಮರುದಿನ. ಆಮೇಲೆ ಒಬ್ಬಳೇ ಸ್ಕೇಟ್ ಮಾಡಿದ ದಿನ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಹೊರಗೆ ಬಂದಾಗ ಕೋಚ್ ಎತೇರಿ ತುತ್ಬೆರೀಜೆ ಮೊದಲು ಕೇಳಿದ್ದು ಯಾಕೆ ಹೋರಾಟ ಬಿಟ್ಟೆ ಅಂತ. ನೀರು ಬೇಕಾ ಅಂತ ಅಲ್ಲ, ಸಾಕು ಬಾ ಮಗಳೇ ಅಂತಲೂ ಅಲ್ಲ. ಆ ದೃಶ್ಯ ನೋಡಿ ನಾನು ಅತ್ತಿದ್ದೇನೆ.

2024ರ ಜನವರಿಯಲ್ಲಿ ತೀರ್ಪು ಬಂತು, ನಾಲ್ಕು ವರ್ಷ ನಿಷೇಧ. ಶಿಕ್ಷೆ ಅನುಭವಿಸಿದ್ದು ಹುಡುಗಿ. ಸೋಚಿ 2014ರ ಒಲಿಂಪಿಕ್ಸ್ ಡೋಪಿಂಗ್ ಪರೀಕ್ಷೆ ಲ್ಯಾಬಿನ ಕಥೆ ಎಲ್ಲರಿಗೂ ಗೊತ್ತು, ರಾತ್ರಿ ಹೊತ್ತು ಗೋಡೆಯ ತೂತಿನಲ್ಲಿ ಮೂತ್ರದ ಬಾಟಲಿ ಬದಲಾಯಿಸಿದ್ದು. ದೊಡ್ಡವರು ಕಟ್ಟಿದ ವ್ಯವಸ್ಥೆ ಅದು. ಹದಿನೈದರ ಮಗುವಿಗೆ ಅದರಲ್ಲಿ ಏನು ಗೊತ್ತಿರುತ್ತೆ ಹೇಳಿ.

ಹುಬ್ಬಳ್ಳಿ ಫಾರ್ವರ್ಡ್:
ಅಕ್ಕಾ, ಅದನ್ನೇ ನಾನೂ ಹೇಳ್ತಿರೋದು. ಆಟಗಾರರು ಸಿಕ್ಕಿಹಾಕಿಕೊಂಡಿದ್ದಾರೆ. ಐಸ್ ಹಾಕಿಯ ಗೋಲ್‌ಕೀಪರ್ ಇವಾನ್ ಫೆದೋತೊವ್ ವಿಷಯ ಕೇಳಿದ್ದೀರಾ? ಸಿಎಸ್‌ಕೆಎ ಜೊತೆ ಅಲ್ಲಿನ ಲೀಗಿನ ಗಗಾರಿನ್ ಕಪ್ ಗೆದ್ದವನು, ಅಮೆರಿಕದ ಫಿಲಡೆಲ್ಫಿಯಾ ತಂಡಕ್ಕೆ ಸಹಿ ಹಾಕಿದ. 2022ರ ಜುಲೈ 1ಕ್ಕೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನನ್ನು ಹಿಡಿದು, ಸೇನಾ ಸೇವೆ ತಪ್ಪಿಸಿಕೊಂಡಿದ್ದೀಯ ಅಂತ ಉತ್ತರದ ತುದಿಯ ಸೆವೆರೊಮೊರ್ಸ್ಕ್‌ಗೆ ಕಳಿಸಿದರು. ಆರ್ಕ್ಟಿಕ್ ಚಳಿಯಲ್ಲಿ ನೌಕಾಪಡೆಯ ಊರು. ಫಿಲಡೆಲ್ಫಿಯಾ ತಲುಪುವಷ್ಟರಲ್ಲಿ 2024ರ ಮಾರ್ಚ್ ಆಗಿತ್ತು. ಇವನನ್ನು ತಡೆದಿದ್ದು ಪಶ್ಚಿಮದವರಲ್ಲ, ಅದನ್ನು ನಾನೂ ಒಪ್ತೀನಿ. ಮೊದಲ ಕಾಮೆಂಟಿನಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ.

ವರದಾ ನದಿ:
ಸಿಕ್ಕಿಹಾಕಿಕೊಂಡವರು ಇದ್ದಾರೆ, ಬಾಯಿ ಬಿಟ್ಟವರೂ ಇದ್ದಾರೆ. ಟೆನಿಸ್‌ನ ರುಬ್ಲೆವ್ ದುಬೈನಲ್ಲಿ ಪಂದ್ಯ ಗೆದ್ದು ಕ್ಯಾಮೆರಾ ಗಾಜಿನ ಮೇಲೆ ‘ಯುದ್ಧ ಬೇಡ’ ಅಂತ ಬರೆದ. ಫುಟ್‌ಬಾಲ್‌ನ ಸ್ಮೋಲೊವ್ ಮೊದಲ ದಿನವೇ ಬರೆದ. ಮಾಜಿ ನಾಯಕ ಇಗೊರ್ ದೆನೀಸೊವ್ 2022ರ ಜೂನ್‌ನಲ್ಲಿ ಸಂದರ್ಶನದಲ್ಲೇ ಯುದ್ಧ ನಿಲ್ಲಿಸಿ ಅಂದರು. ಅದಕ್ಕೂ ಮೊದಲೇ ಮಾರ್ಚ್ 4ಕ್ಕೆ ಸೇನೆಯ ಬಗ್ಗೆ ‘ಸುಳ್ಳು’ ಹೇಳಿದರೆ 15 ವರ್ಷದವರೆಗೆ ಜೈಲು ಅನ್ನುವ ಕಾನೂನು ಬಂದಿತ್ತು. ಅದು ಗೊತ್ತಿದ್ದೂ ದೆನೀಸೊವ್ ಮಾತಾಡಿದರು. ಇನ್ನೊಂದು ಕಡೆ ಜಿಮ್ನಾಸ್ಟ್ ಇವಾನ್ ಕುಲ್ಯಾಕ್ ದೋಹಾದಲ್ಲಿ ಉಕ್ರೇನಿನ ಹುಡುಗನ ಪಕ್ಕವೇ ಯುದ್ಧಕ್ಕೆ ಬೆಂಬಲದ ಗುರುತಾದ ‘ಝಡ್’ ಅಕ್ಷರ ಎದೆಗೆ ಅಂಟಿಸಿಕೊಂಡು ನಿಂತ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಅನಿಸುವುದಿಲ್ಲ.

ಬಸವನಗುಡಿ ಬೆಂಚು:
ಮಕ್ಕಳೇ, ನನಗೆ 71. ಚಿಕ್ಕವನಿದ್ದಾಗ ನವಕರ್ನಾಟಕದ ಅಂಗಡಿಯಲ್ಲಿ ಎರಡು ಮೂರು ರೂಪಾಯಿಗೆ ರಷ್ಯಾದ ಪುಸ್ತಕ ಸಿಗುತ್ತಿತ್ತು, ನುಣುಪು ಕಾಗದ, ಬಣ್ಣದ ಚಿತ್ರ. ಆ ದೇಶದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದ, ಆ ಪ್ರೀತಿ ಇವತ್ತಿಗೂ ಹೋಗಿಲ್ಲ. ಅದಕ್ಕೇ ಈ ಮಾತು ಹೇಳುವಾಗ ಸಂಕಟ ಆಗುತ್ತದೆ.

ಅಲ್ಲಿ ಕ್ಲಬ್ಬುಗಳ ಬೇರು ನೋಡಿ. ಸಿಎಸ್‌ಕೆಎ ಸೇನೆಯದು, ದಿನಮೊ ಪೊಲೀಸರದು, ಲೊಕೊಮೊತಿವ್ ರೈಲ್ವೆಯದು. ಸ್ಪಾರ್ತಾಕ್ ಮಾತ್ರ ‘ಜನರ ತಂಡ’ ಅನ್ನಿಸಿಕೊಂಡಿತ್ತು. ಅದನ್ನು ಕಟ್ಟಿದ ನಿಕೊಲಾಯ್ ಸ್ತಾರೊಸ್ತಿನ್ ಮತ್ತು ಅವರ ತಮ್ಮಂದಿರನ್ನು 1942ರಲ್ಲಿ ಬಂಧಿಸಿದರು, ಆಮೇಲೆ ಕೈದಿಗಳ ದುಡಿಮೆ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದರು. ಸ್ಟಾಲಿನ್ ಕಾಲದ ರಹಸ್ಯ ಪೊಲೀಸ್ ಮುಖ್ಯಸ್ಥ ಬೇರಿಯಾ ದಿನಮೊ ಕಡೆಯವನು. ಪೊಲೀಸರ ತಂಡದ ಎದುರು ಜನರ ತಂಡ ಗೆಲ್ಲಲಿ ಅಂತ ಸಾವಿರಾರು ಜನ ಒಟ್ಟಿಗೆ ಕೂಗಬಹುದಾದ ಜಾಗ ಅಂದರೆ ಗ್ಯಾಲರಿ ಒಂದೇ ಇತ್ತು. ಈಗ ಜೆನಿತ್ ಸರ್ಕಾರಿ ಗ್ಯಾಸ್ ಕಂಪನಿ ಗ್ಯಾಜ್‌ಪ್ರೊಮ್‌ದು, ಸ್ಪಾರ್ತಾಕ್ ಲುಕೊಯ್ಲ್ ಎಣ್ಣೆ ಕಂಪನಿಯದು. ಮಾಲೀಕರನ್ನು ಅಭಿಮಾನಿ ಬದಲಾಯಿಸಲಾರ. ಅವನ ಕೈಲಿ ಇದ್ದಿದ್ದು ನಿಂತು ಕೂಗುವ ಜಾಗ ಒಂದೇ.

ಲುಜ್ನಿಕಿಯನ್ನೇ ತೆಗೆದುಕೊಳ್ಳಿ. 2018ರ ಜುಲೈ 15ಕ್ಕೆ ವಿಶ್ವಕಪ್ ಫೈನಲ್ ನಡೆಯುವಾಗ ಪ್ರತಿಭಟನಾ ಗುಂಪು ಪುಸ್ಸಿ ರಯಟ್‌ನ ನಾಲ್ವರು ಪೊಲೀಸ್ ವೇಷದಲ್ಲಿ ಮೈದಾನಕ್ಕೆ ಓಡಿ ಬಂದರು, ರಾಜಕೀಯ ಕೈದಿಗಳನ್ನು ಬಿಡಿ ಅಂತ. 15 ದಿನ ಜೈಲು. 2022ರ ಮಾರ್ಚ್ 18ಕ್ಕೆ ಅದೇ ಸ್ಟೇಡಿಯಂನಲ್ಲಿ ಪುಟಿನ್ ಸಭೆ, ಒಲಿಂಪಿಕ್ ಪದಕ ಗೆದ್ದವರನ್ನು ಎದೆಗೆ ‘ಝಡ್’ ಹಾಕಿಸಿ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಈಜುಗಾರ ರಿಲೊವ್ ಅಲ್ಲಿ ನಿಂತಿದ್ದಕ್ಕೆ ಒಂಬತ್ತು ತಿಂಗಳು ನಿಷೇಧ ಅನುಭವಿಸಿದ.

ಐಸ್ ಮೇಲೆ:
ಅಂಕಲ್, ಅಲ್ಲಿ ಒಟ್ಟಿಗೆ ನಿಲ್ಲುವ ಜಾಗ ಇನ್ನೇನು ಉಳಿದಿದೆ? 2024ರ ಮಾರ್ಚ್ 1ಕ್ಕೆ, ಜೈಲಿನಲ್ಲಿ ಸತ್ತ ವಿರೋಧಿ ನಾಯಕ ನವಾಲ್ನಿ ಅಂತ್ಯಕ್ರಿಯೆಯ ದಿನ ಮಾಸ್ಕೋದ ಮರಿಯಿನೊದಲ್ಲಿ ಚರ್ಚಿನ ಹೊರಗೆ ಸಾವಿರಾರು ಜನ ಕಾರ್ನೇಷನ್ ಹೂ ಹಿಡಿದು ನಿಂತಿದ್ದು ನೋಡಿದ್ದೆ. ಅದಕ್ಕೂ ಮುಂಚೆ ಜನವರಿ ಚಳಿಯಲ್ಲಿ ಯುದ್ಧ ಬೇಡ ಅನ್ನುವ ನದೇಜ್ದಿನ್ ಅಧ್ಯಕ್ಷ ಚುನಾವಣೆಗೆ ನಿಲ್ಲಲಿ ಅಂತ ಸಹಿ ಹಾಕೋಕೆ ಉದ್ದ ಸಾಲು. ಅವರನ್ನು ಸ್ಪರ್ಧಿಸಲು ಬಿಡಲೇ ಇಲ್ಲ. ಹೂವಿಗೆ ಒಂದು ಸಾಲು, ಸಹಿಗೆ ಒಂದು ಸಾಲು. ಜನ ಸುಮ್ನೆ ಇದ್ದಾರೆ ಅಂತ ನಾವು ಇಲ್ಲಿ ಕೂತು ಹೇಳಿಬಿಡುತ್ತೇವೆ.

ಬಿಳಿ ಕೋಟು:
ನಿಜ. ದಿನನಿತ್ಯದ ತೊಂದರೆ ಹೇಗಿರುತ್ತೆ ಅಂದರೆ, ರಾಜಕೀಯದ ಬಗ್ಗೆ ಯೋಚಿಸೋಕೆ ಪುರುಸೊತ್ತೇ ಸಿಗದ ಹಾಗೆ. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಸೇವೆ ನಿಂತಾಗ ಮನೆಯಿಂದ ಬರುವ ದುಡ್ಡೂ ನಿಂತಿತು, ಸೀನಿಯರ್ ಒಬ್ಬರು ತಿಂಗಳು ಪೂರ್ತಿ ನಮಗೆಲ್ಲ ಅನ್ನ ಹಾಕಿದರು. ಮೊಟ್ಟೆ ರೇಟು 2023ರ ಕೊನೆಗೆ ಎಷ್ಟು ಏರಿತು ಅಂದರೆ ಪುಟಿನ್ ಟಿವಿಯಲ್ಲೇ ಒಬ್ಬ ಅಜ್ಜಿಯ ಕ್ಷಮೆ ಕೇಳಿದರು. ಈಗಿನ ಜೂನಿಯರ್‌ಗಳು ಹೇಳುವುದು ಮೊಬೈಲ್ ನೆಟ್ ಬಗ್ಗೆ. ಡ್ರೋನ್ ಭಯ ಅಂತ 2025ರಿಂದ ಎಷ್ಟೋ ಊರುಗಳಲ್ಲಿ ಗಂಟೆಗಟ್ಟಲೆ ನೆಟ್ ಇರುವುದಿಲ್ಲ, ಟ್ಯಾಕ್ಸಿ ಬುಕ್ ಆಗುವುದಿಲ್ಲ, ಅಂಗಡಿಯಲ್ಲಿ ಕಾರ್ಡ್ ನಡೆಯುವುದಿಲ್ಲ. ಜನ ಮತ್ತೆ ಜೇಬಲ್ಲಿ ನೋಟು ಇಟ್ಟುಕೊಂಡು ಓಡಾಡುತ್ತಿದ್ದಾರೆ.

ವೋಲ್ಗಾ ದಂಡೆ:
ಎಲ್ಲರದ್ದೂ ಎರಡೆರಡು ಸಲ ಓದಿದೆ. ತ್ಯೋತ್ಯಾ ವಿಷಯ ಹೇಳಿ ನನ್ನ ಮಾತು ಮುಗಿಸುತ್ತೇನೆ.

ಪಿಂಚಣಿ ವಿರುದ್ಧ ಆ ವರ್ಷ ದೇಶದ ತುಂಬ ಜನ ಬೀದಿಗಿಳಿದ ಮೇಲೆ ಆಗಸ್ಟ್‌ನಲ್ಲಿ ಪುಟಿನ್ ಹೆಂಗಸರಿಗೆ 63 ಬೇಡ, 60 ಇರಲಿ ಅಂದರು. ಕಾನೂನು ಆಗಿದ್ದು ಅಕ್ಟೋಬರ್ 3ಕ್ಕೆ. 1968ರಲ್ಲಿ ಹುಟ್ಟಿದ ತ್ಯೋತ್ಯಾಗೆ ಪಿಂಚಣಿ 2028ಕ್ಕೆ. ಇನ್ನೂ ಡಿಪೋಗೆ ಹೋಗುತ್ತಾರೆ. ಶನಿವಾರ ಎಲೆಕ್ಟ್ರಿಚ್ಕಾ ರೈಲು ಹತ್ತಿ ದಾಚಾಕ್ಕೆ, ಊರ ಹೊರಗಿನ ಆರು ಸೋತ್ಕಾ ತೋಟಕ್ಕೆ. ನಮ್ಮ ಲೆಕ್ಕದಲ್ಲಿ ಆರು ಗುಂಟೆಗೂ ಸ್ವಲ್ಪ ಕಡಿಮೆ. ಸೌತೆಕಾಯಿ ಉಪ್ಪಿನಲ್ಲಿ ಹಾಕಿ ಬಾಟಲಿ ತುಂಬುತ್ತಾರೆ.

2025ರ ಆಗಸ್ಟ್‌ನಿಂದ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಅವರ ಅಪಾರ್ಟ್‌ಮೆಂಟಿನ ಗ್ರೂಪು ಸರ್ಕಾರ ಹೇಳಿದ ಮ್ಯಾಕ್ಸ್ ಆ್ಯಪಿಗೆ ಹೋಯಿತಂತೆ. ನಮ್ಮಿಬ್ಬರ ಮಾತು ಮಾತ್ರ ವಿಪಿಎನ್ ಸಿಕ್ಕಿದ ದಿನ ಟೆಲಿಗ್ರಾಮ್‌ನಲ್ಲಿ. ಮಗನ ಬಗ್ಗೆ ನಾನಾಗಿ ಕೇಳುವುದಿಲ್ಲ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ನದಿ ದಂಡೆಯ ಆ ಸ್ಟೇಡಿಯಂ ಅವರ ಬಸ್ ದಾರಿಯಲ್ಲೇ ಇದೆ, ಅವನು ಒಳಗೆ ಕಾಲಿಟ್ಟಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ದಿನ ಅಮ್ಮನನ್ನೂ ಕರೆದುಕೊಂಡು ಅದೇ ಊರಿನ ಐಸ್ ಹಾಕಿ ತಂಡ ತಾರ್ಪೇದೊದ ಮ್ಯಾಚ್‌ಗೆ ಹೋಗಿದ್ದ. ಅಲ್ಲಿ ಬಾಗಿಲಲ್ಲಿ ಆ ಕಾರ್ಡ್ ಕೇಳಲಿಲ್ಲವಂತೆ.

ಅವತ್ತು ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು. ಹನ್ನೊಂದು ಸೆಕೆಂಡ್. ತ್ಯೋತ್ಯಾ ಏನೋ ಹೇಳುತ್ತಿದ್ದಾರೆ, ಕೇಳಿಸುವುದಿಲ್ಲ. ಡೋಲು, ಕಾಲು ಬಡಿಯುವ ಸದ್ದು, ಅದರ ಮಧ್ಯೆ ತೀರಾ ಹತ್ತಿರದಲ್ಲಿ ಒಬ್ಬ ಹುಡುಗ ಗಂಟಲು ಬಿರಿಯುವ ಹಾಗೆ ‘ತಾರ್ಪೇ-ದೊ! ತಾರ್ಪೇ-ದೊ!’ ಅಂತ ಕೂಗುತ್ತಿದ್ದಾನೆ.